ಏಳು ಮೊಳದ ರಿಂಗು

ನನಗೆ ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಹೇಳಬೇಕಾದಾಗ ಹೇಳದೆ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು.

ಎಪ್ಪತ್ತರ ದಶಕದ ಮಾತು. ನನ್ನ ಗಂಡನಿಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ನಾವು ಮಾಲೂರಿನ ಕಡೆಯಿಂದ ಬಂದು ಆರು ತಿಂಗಳಾಗಿತ್ತು. ಉದ್ದನಪಲ್ಲಿ ಕಡೆಯ ಹೈಸ್ಕೂಲಿಗೆ ಹೆಣ್ಣುಮಕ್ಕಳ ಡ್ರಿಲ್ ಟೀಚರ್ ಬೇಕು ಎಂದು ಗೊತ್ತಾಗಿ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಹೆಡ್‌ಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ. "ಥ್ರೋಬಾಲು, ಖೋಖೋ ಎಲ್ಲರಿಗೂ ಬರ್ತದೆ. ಬ್ಯಾಸ್ಕೆಟ್‌ಬಾಲ್ ಬರ್ತದೇನಮ್ಮ?" ಕಾರ್ಖಾನೆಯವರು ಯಾರೋ ಶಾಲೆಗೆ ಎರಡು ಚೆಂಡು ದಾನ ಕೊಟ್ಟಿದ್ದರಂತೆ, ಅವು ಬೀರುವಿನಲ್ಲಿ ಕೂತು ಗಾಳಿ ಬಿಡುತ್ತಿದ್ದವು. "ಬರುತ್ತೆ ಸಾರ್" ಅಂದೆ. ಕೆಲಸ ಟೆಂಪರರಿ, ಆದರೂ ಕೆಲಸ ತಾನೇ? ಆ ಒಂದು ಮಾತು ಮೂರು ವರ್ಷ ನನ್ನ ಹೊಟ್ಟೆಯೊಳಗೆ ಕಲ್ಲಾಗಿ ಕೂತಿತ್ತು.

ಬೆಂಗಳೂರಿನಿಂದ ನಿಯಮಗಳ ಪುಸ್ತಕ ತರಿಸಿಕೊಂಡೆ. ಪರೀಕ್ಷೆಗೆ ಓದುವ ಹಾಗೆ ಸಾಲುಸಾಲು ಬಾಯಿಪಾಠ ಮಾಡಿದೆ. ಅಂಗಳದ ಗೆರೆಗಳನ್ನು ನಾನೇ ಟೇಪ್ ಹಿಡಿದು ಎಳೆದೆ. ಬೋರ್ಡಿನಿಂದ ಹದಿನೈದು ಅಡಿಗೆ ಫ್ರೀ ಥ್ರೋ ಗೆರೆ, ಅದರ ಹಿಂದೆ ಅರ್ಧ ಚಂದ್ರ, ಎಲ್ಲ ಸುಣ್ಣದಲ್ಲಿ, ಒಂದು ಅಂಗುಲ ಆಚೀಚೆ ಇಲ್ಲದ ಹಾಗೆ. ಬೋರ್ಡಿಗೆ ಕಾರ್ಖಾನೆಗೆ ಮಿಶೀನು ಬಂದಿದ್ದ ಪೆಟ್ಟಿಗೆಯ ಹಲಗೆ ಸಿಕ್ಕಿತು. ರಿಂಗು ಬಡಿದುಕೊಟ್ಟವನು ಊರಿನ ಕಮ್ಮಾರ. ಕಂಬ ನಿಲ್ಲಿಸಿ ಬೋರ್ಡು ಕೂರಿಸಲು ಬಂದವರು ವಯಸ್ಸಾದ ಬಡಗಿ, ಊರವರೆಲ್ಲ ಆಚಾರಿ ಎನ್ನುತ್ತಿದ್ದರು. "ನೆಲದಿಂದ ರಿಂಗಿಗೆ ಸರಿಯಾಗಿ ಹತ್ತಡಿ ಇರಬೇಕು" ಎಂದು ಅವರಿಗೆ ಹೇಳಿ ನಾನು ಏಳನೇ ಕ್ಲಾಸಿನ ಪಿರಿಯಡ್ಡಿಗೆ ಹೋದೆ.

ವಾಪಸ್ ಬರುವಷ್ಟರಲ್ಲಿ ಎರಡೂ ಕಡೆ ಕಂಬ ನಿಂತು, ಆಚಾರಿ ಬೀಡಿ ಹಚ್ಚಿಕೊಂಡು ಕೂತಿದ್ದರು.

"ಹತ್ತಡಿ ಇಟ್ಟಿರಾ?"

"ಹತ್ತಡಿ ಅಂದ್ರೆ ಆರೂ ಮುಕ್ಕಾಲು ಮೊಳಕ್ಕೆ ಒಂಚೂರು ಕಮ್ಮಿ ಬತ್ತದೆ ಟೀಚರಮ್ಮಾ. ಅಂಗೆಲ್ಲ ಮುರುಕು ಅಳತೆ ಇಕ್ಕಬಾರ್ದು. ಆಯ ಕೆಟ್ಟೋಯ್ತದೆ. ಮಕ್ಕಳು ಎಗರಾಡೋ ಜಾಗ, ಕೈಯೋ ಕಾಲೋ ಮುರ್ಕೊಂಡ್ರೆ ಯಾರು ಹೊಣೆ? ಆಯಕ್ಕೆ ಬರೋ ಅಂಗೆ ಒಂಚೂರು ಸರಿ ಮಾಡಿವ್ನಿ."

ಈ ಕಡೆ ಮನೆ ಕಟ್ಟಲಿ, ಬಾವಿ ತೆಗೆಯಲಿ, ತೊಟ್ಟಿಲ ಕೋಲು ಕೊಯ್ಯಲಿ, ಉದ್ದಗಲವೆಲ್ಲ ಆಯಕ್ಕೆ ಬರಬೇಕು. ಮನೆಯವರಿಗೆ ಒಳ್ಳೆಯದಾಗುವ ಅಳತೆ ಅದು. ಬಡಗಿ ತನ್ನ ಮೊಳ ಹಾಕಿ ನೋಡಿ, ಬೆಸ ಸಂಖ್ಯೆಗೆ ತಂದು ನಿಲ್ಲಿಸುತ್ತಾನೆ. ಬಡಪಾಯಿ ಮುದುಕ ಮಕ್ಕಳ ಒಳ್ಳೆಯದಕ್ಕೇ ಮಾಡಿದ್ದ. ಒಂಚೂರು ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಟೇಪು ನನ್ನ ಕೈಯಲ್ಲೇ ಇತ್ತು. ಆದರೆ ಅಳೆಯಬೇಕಾದರೆ ಏಣಿ ಹತ್ತಬೇಕು, ಸೀರೆ ಉಟ್ಟಿದ್ದೆ, ಹತ್ತನೇ ಕ್ಲಾಸಿನ ಗಂಡುಮಕ್ಕಳು ಕಿಟಕಿಯಲ್ಲಿ ಸಾಲಾಗಿ ನಿಂತಿದ್ದರು. "ಸರಿ ಬಿಡಿ" ಅಂದೆ.

ಆಟಕ್ಕೆ ಬಂದವರಲ್ಲಿ ಒಬ್ಬ ಹುಡುಗಿ, ಆಗ ಎಂಟನೇ ಕ್ಲಾಸು. ರೇಷ್ಮೆ ಹುಳು ಸಾಕುವವರ ಮಗಳು. ಕ್ಲಾಸಿನಲ್ಲಿ ಎಲ್ಲರಿಗಿಂತ ಒಂದು ತಲೆ ಎತ್ತರ, ಅದಕ್ಕೇ ಬೆನ್ನು ಬಗ್ಗಿಸಿಕೊಂಡು ಓಡಾಡುತ್ತಿದ್ದಳು. ಮೊದಲ ದಿನ ಚೆಂಡು ಕೊಟ್ಟಾಗ ಮಗುವನ್ನು ಇಸಿದುಕೊಂಡ ಹಾಗೆ ಇಸಿದುಕೊಂಡಳು. ಪುಸ್ತಕದಲ್ಲಿದ್ದ ಚಿತ್ರ ನೋಡಿ ನಾನು ಹೇಳಿಕೊಡುತ್ತಿದ್ದೆ. ಮೊಣಕೈ ಒಳಗೆ, ಮಂಡಿ ಮಡಚು, ಬೆರಳ ತುದಿಯಿಂದ ಬಿಡು. ನಾನು ಮಾಡಿ ತೋರಿಸುತ್ತಿರಲಿಲ್ಲ. ತೋರಿಸಲು ಬಂದರೆ ತಾನೇ? "ನೋಡಿ ಕಲಿತದ್ದು ನಿಲ್ಲಲ್ಲ, ಮಾಡಿ ಕಲೀಬೇಕು" ಎಂದು ದೊಡ್ಡ ಮನುಷ್ಯಳ ಹಾಗೆ ಹೇಳಿ ಬಚಾವಾಗುತ್ತಿದ್ದೆ.

ಮೊದಲ ಆರು ತಿಂಗಳು ಅವಳ ಚೆಂಡು ರಿಂಗಿನ ಹತ್ತಿರಕ್ಕೂ ಹೋಗಲಿಲ್ಲ. ಹುಡುಗಿ ಬಿಡಲಿಲ್ಲ. ಬೆಳಗ್ಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಎರಡು ಮೈಲಿ ನಡೆದು ಪ್ರಾರ್ಥನೆಗೆ ಮುಂಚೆಯೇ ಬಂದು ಐವತ್ತು ಎಸೆತ. ಸಂಜೆ ಮತ್ತೆ ಐವತ್ತು. ಆಗ ಹೈಸ್ಕೂಲಿನ ಕೊನೆಯ ವರ್ಷವಾಗಿದ್ದ ಹನ್ನೊಂದನೇ ಕ್ಲಾಸಿಗೆ ಬರುವ ಹೊತ್ತಿಗೆ ಗೆರೆಯ ಮೇಲೆ ನಿಂತು ಎಸೆದರೆ ಹತ್ತಕ್ಕೆ ಏಳು ಒಳಗೆ. ರಿಂಗಿನ ಕಬ್ಬಿಣ ಮುಟ್ಟದೆ ಬಲೆ ಮಾತ್ರ ಸರಕ್ಕನೆ ಅಲ್ಲಾಡುತ್ತಿತ್ತು. ಆ ಸದ್ದು ಕೇಳಿದರೆ ನನಗೆ ನಾನೇ ಆಡಿದಷ್ಟು ಖುಷಿ.

ಹೊಸೂರಿನ ಕಡೆಯಿಂದ ಎರಡು ತಂಡ ನಮ್ಮ ಅಂಗಳಕ್ಕೆ ಬಂದು ಆಡಿ ಸೋತು ಹೋದವು. ಆ ಮಕ್ಕಳು ಎಸೆದ ಚೆಂಡೆಲ್ಲ ರಿಂಗಿನ ಮುಂದೆಯೇ ಬೀಳುತ್ತಿತ್ತು. "ಪಟ್ಟಣದ ಮಕ್ಕಳು, ತೋಳಲ್ಲಿ ಕಸುವೇ ಇಲ್ಲ" ಎಂದು ನಾನು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಂಡೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ. ಉತ್ತರ ಕಣ್ಣ ಮುಂದೆಯೇ ನೇತಾಡುತ್ತಿತ್ತು, ನನಗೆ ಕಾಣಿಸಲಿಲ್ಲ.

ಆ ಗೆಲುವಿನ ಸುದ್ದಿ ಎಲ್ಲೆಲ್ಲೋ ಸುತ್ತಿ ಮದ್ರಾಸಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಕೋಚ್ ಕಿವಿಗೆ ಬಿತ್ತು. ಕಾಗದ ಬಂತು. ಕೃಷ್ಣಗಿರಿಯಲ್ಲಿ ಒಂದು ದಿನದ ಆಯ್ಕೆ. ನಮ್ಮ ಕಡೆಯಿಂದ ಒಬ್ಬಳೇ ಒಬ್ಬಳಿಗೆ ಆಟದ ಕೋಟಾದಲ್ಲಿ ಪಿಯುಸಿ ಸೀಟು. ಫೀಸಿಲ್ಲ, ಹಾಸ್ಟೆಲಿನಲ್ಲಿ ಊಟ, ವಸತಿ. ಚೆನ್ನಾಗಿ ಆಡಿದರೆ ಡಿಗ್ರಿಯವರೆಗೂ ಅಲ್ಲೇ.

ಅವಳ ಅಪ್ಪನ ಹತ್ತಿರ ಸಹಿ ಹಾಕಿಸಿಕೊಳ್ಳಲು ಹೋದೆ. ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲಿನ ಹುಳು ನೋಡುತ್ತಲೇ ಅವರು ಮಾತಾಡಿದರು.

"ಸೀಟು ಸಿಕ್ಕಿದ್ರೆ ಕಳುಸ್ತೀನಿ ಕಣಮ್ಮಾ, ಮಾತಂದ್ರೆ ಮಾತು. ಸಿಗ್ಲಿಲ್ವಾ, ಈ ವರ್ಷಕ್ಕೆ ಇಸ್ಕೂಲು ಸಾಕು. ನಮ್ಮಕ್ಕನ ಮಗ ಎಲ್ಡು ವರ್ಷದಿಂದ ಕೇಳ್ತಾವ್ನೆ. ಇವ್ಳು ಇನ್ನೂ ಉದ್ದ ಬೆಳೀತಾ ಹೋದ್ರೆ ಅವ್ನೂ ಒಲ್ಲೆ ಅಂದ್ಬುಡ್ತಾನೆ."

ಹುಡುಗಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಹೊರಟಾಗ ಬೀದಿಯ ತುದಿಯವರೆಗೂ ಬಂದಳು. "ಟೀಚರ್, ಹತ್ತಕ್ಕೆ ಏಳು ಹಾಕಿದ್ರೆ ಸಾಕಾ?" ಎಂದು ಕೇಳಿದಳು. "ಸಾಕು ಸಾಕು, ಹೊಸೂರಿನವರಿಗೆ ಮೂರು ಹಾಕೋಕಾಗಲ್ಲ" ಅಂದೆ.

ಆಯ್ಕೆಯ ಹಿಂದಿನ ದಿನ ಸೂಳಗಿರಿಯಲ್ಲಿ ಬಸ್ಸು ಬದಲಿಸಿ ಕೃಷ್ಣಗಿರಿ ಸೇರಿದೆವು. ನಮ್ಮ ಶಾಲೆಯ ಲೆಕ್ಕದ ಟೀಚರ ಅಕ್ಕನ ಮನೆಯಲ್ಲಿ ಉಳಿಯುವ ಏರ್ಪಾಡು. ಚೀಲ ಇಟ್ಟು ಕಾಫಿ ಕುಡಿದು, ಕೈ ಪಳಗಲಿ ಎಂದು ಸಂಜೆ ಆಯ್ಕೆ ನಡೆಯುವ ಮೈದಾನಕ್ಕೆ ಕರೆದುಕೊಂಡು ಹೋದೆ. ಒಳ್ಳೆಯ ಸಿಮೆಂಟು ಅಂಗಳ. ಹುಡುಗಿ ಚಪ್ಪಲಿ ಬಿಟ್ಟು ಗೆರೆಯ ಮೇಲೆ ನಿಂತು ಮೊದಲ ಚೆಂಡು ಎಸೆದಳು.

ಠಣ್! ರಿಂಗಿನ ಹಿಂಬದಿಯ ಕಬ್ಬಿಣಕ್ಕೆ ಬಡಿದು ಚೆಂಡು ಅವಳ ಕಡೆಗೇ ವಾಪಸ್ ಬಂತು.

ಇನ್ನೊಂದು. ಠಣ್. ಮತ್ತೊಂದು. ಹತ್ತು ಎಸೆದಳು, ಹತ್ತೂ ಹಿಂಬದಿಗೆ. ಒಂದಾದರೂ ಬಲಕ್ಕೋ ಎಡಕ್ಕೋ ಹೋಗಿದ್ದರೆ ಗಾಬರಿ ಅನ್ನಬಹುದಿತ್ತು. ಎಲ್ಲ ನೆಟ್ಟಗೆ ಹೋಗಿ ಒಂದೇ ಜಾಗಕ್ಕೆ ಬಡಿಯುತ್ತಿದ್ದವು. ಹುಡುಗಿ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಟೀಚರ್, ನನ್ ಕೈಗೇನೋ ಆಗ್ಬುಟ್ಟೈತೆ."

"ಏನೂ ಆಗಿಲ್ಲ, ಬಸ್ಸಲ್ಲಿ ಕೂತು ಕೂತು ಮರಗಟ್ಟಿದೆ. ಎಸಿ."

ಇನ್ನೂ ಹತ್ತು. ಒಂದು ಹೇಗೋ ಒಳಗೆ ಬಿತ್ತು. ಅವಳು ಸಿಟ್ಟಿನಿಂದ ಓಡಿಹೋಗಿ ನೆಗೆದು ಬಲೆಗೆ ಹೊಡೆದಳು. ಹೊಡೆದವಳು ಬಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೆಳಗೆ ಬಂದಳು. ನಮ್ಮ ಅಂಗಳದಲ್ಲಿ ಎಷ್ಟು ನೆಗೆದರೂ ಬಲೆಯ ತುದಿ ಅವಳ ಬೆರಳಿಗೆ ತಾಗುತ್ತಿತ್ತು, ಅಷ್ಟೇ. ರಿಂಗಿನ ಎತ್ತರದ ಮೇಲೆ ನನಗೆ ಅನುಮಾನ ಬಂತು. "ಹೋಗು, ಮುಖ ತೊಳಕೊಂಡು ಬಾ" ಎಂದು ಅವಳನ್ನು ಮೈದಾನದ ಆಚೆ ತುದಿಯ ನಲ್ಲಿಗೆ ಕಳಿಸಿ, ಸುಣ್ಣದ ಗೆರೆ ಹಾಕುತ್ತಿದ್ದ ಮೈದಾನದ ಕಾವಲುಗಾರನ ಹತ್ತಿರ ಹೋದೆ.

"ಏನಪ್ಪಾ, ನಿಮ್ಮ ರಿಂಗು ತಗ್ಗಿದೆ" ಎಂದು ಜೋರು ಮಾಡಿದೆ. ಆಗಲೂ ತಪ್ಪು ನಮ್ಮದಿರಬಹುದು ಎಂದು ಹೊಳೆಯಲಿಲ್ಲ, ನೋಡಿ!

ಆತ ನಕ್ಕ. ಗೋಡೆಗೆ ಒರಗಿಸಿದ್ದ ಬಿದಿರು ಗಳ ತಂದು ರಿಂಗಿನ ಕೆಳಗೆ ನೆಟ್ಟಗೆ ನಿಲ್ಲಿಸಿದ. ಗಳದ ತುದಿ ಕಬ್ಬಿಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಾಗಿತು. "ಪತ್ತಡಿ ಅಮ್ಮಾ. ಕರೆಕ್ಟಾ ಪತ್ತಡಿ" ಅಂದ. ನಾನು ನನ್ನ ಟೇಪು ತೆಗೆದು ಆ ಗಳ ಅಳೆದೆ. ಹತ್ತಡಿ.

ಆಚಾರಿಯ ಮೊಳ ನೆನಪಾಯಿತು. ಆರೂ ಮುಕ್ಕಾಲು ಆಗಕೂಡದು, ಬೆಸ ಆಗಬೇಕು. ಏಳು ಮೊಳ. ಒಂದೂವರೆ ಅಡಿಯಂತೆ ಏಳು ಮೊಳಕ್ಕೆ ಹತ್ತೂವರೆ ಅಡಿ. ಮೂರು ವರ್ಷ, ದಿನಕ್ಕೆ ನೂರು ಎಸೆತ, ಎಲ್ಲವೂ ಲೋಕದಲ್ಲಿ ಎಲ್ಲೂ ಇಲ್ಲದ ಒಂದು ರಿಂಗಿಗೆ. ಆ ಸಿಮೆಂಟಿನ ಮೇಲೆಯೇ ಕೂತುಬಿಟ್ಟೆ.

ಆ ಹೊತ್ತಿನಲ್ಲಿ ನನಗೆ ಬಂದ ಯೋಚನೆಗಳನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮೊದಲು ಬಂದದ್ದು ಹುಡುಗಿಯ ಯೋಚನೆಯಲ್ಲ. ಹೆಡ್‌ಮಾಸ್ತರಿಗೆ ಗೊತ್ತಾದರೆ? ಬರುತ್ತೆ ಸಾರ್ ಅಂದವಳಿಗೆ ರಿಂಗು ನೇತುಹಾಕಲೂ ಬರಲಿಲ್ಲ ಎಂದು ಊರೆಲ್ಲ ನಕ್ಕರೆ? ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಗುವುದರಲ್ಲಿತ್ತು. ಜ್ವರ ಬಂತು ಎಂದು ಹೇಳಿ ಬೆಳಗ್ಗೆ ಮೊದಲ ಬಸ್ಸಿಗೇ ಹೊರಟುಬಿಟ್ಟರೆ ಹೇಗೆ ಎಂದೂ ಅನ್ನಿಸಿತು. ಹುಡುಗಿ ಮುಖ ಒರೆಸಿಕೊಳ್ಳುತ್ತಾ ವಾಪಸ್ ಬಂದಳು. "ಏನಂದ ಟೀಚರ್ ಆವಯ್ಯ?"

"ಏನಿಲ್ಲ. ಹೊಸ ಜಾಗ, ಭಯಕ್ಕೆ ಹಿಂಗಾಗುತ್ತೆ. ಚೆನ್ನಾಗಿ ಮಲಗಿ ಎದ್ದರೆ ಸರಿಹೋಗುತ್ತೆ" ಅಂದೆ.

ಆಯ್ಕೆಗೆ ಒಂಬತ್ತು ಹುಡುಗಿಯರು ಬಂದಿದ್ದರು. ಮದ್ರಾಸಿನ ಕೋಚ್ ಸುಮಾರು ನಲವತ್ತರ ಹೆಂಗಸು, ಬಿಳಿ ಸೀರೆ, ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಹೆಚ್ಚು ಮಾತಿಲ್ಲ. ಓಟ, ನೆಗೆತ, ಚೆಂಡು ಬಡಿಯುತ್ತಾ ಕುರ್ಚಿಗಳ ನಡುವೆ ಹಾವಿನ ಹಾಗೆ ನುಗ್ಗುವುದು, ಎದೆಯ ಮಟ್ಟದಿಂದ ಪಾಸು, ಎಲ್ಲದರಲ್ಲೂ ನಮ್ಮ ಹುಡುಗಿಯೇ ಮುಂದೆ. ಅವಳ ನೆಗೆತ ನೋಡಿ ಕೋಚ್ ಪುಸ್ತಕದಲ್ಲಿ ಏನೋ ಬರೆದು ಅಡಿಗೆರೆ ಎಳೆದದ್ದು ನನಗೆ ದೂರದಿಂದಲೇ ಕಂಡಿತು. ಒಂದು ಕ್ಷಣ ಆಸೆಯಾಯಿತು. ಆಮೇಲೆ ಫ್ರೀ ಥ್ರೋ ಶುರುವಾಯಿತು. ಊಟಕ್ಕೆ ಮುಂಚೆ ಹತ್ತು, ಊಟದ ಮೇಲೆ ಹತ್ತು.

ಹತ್ತಕ್ಕೆ ಒಂದು ಹಾಕಿದಳು ನಮ್ಮವಳು. ಧರ್ಮಪುರಿ ಕಡೆಯ ಒಬ್ಬ ಪಿ.ಟಿ. ಮಾಸ್ತರು ತಂದಿದ್ದ ಗಿಡ್ಡ ಹುಡುಗಿ ಆರು ಹಾಕಿದಳು. ಪ್ರತಿ ಠಣ್ ಸದ್ದಿಗೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೋಚ್ ಪುಸ್ತಕದಲ್ಲಿ ಮತ್ತೆ ಏನೋ ಬರೆದರು. ಈ ಸಲ ಗೆರೆ ಎಳೆಯಲಿಲ್ಲ.

ಊಟದ ಬಿಡುವಿನಲ್ಲಿ ಹುಡುಗಿ ಹೊಂಗೆಮರದ ಕೆಳಗೆ ಕೂತಿದ್ದಳು. ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಸುಕುತ್ತಿದ್ದಳು, ಚರ್ಮ ಕೆಂಪಾಗಿತ್ತು.

"ಟೀಚರ್, ನಾ ಊರ್ಗೋಯ್ತೀನಿ. ನನ್ ಕೈ ಸತ್ತೋಗೈತೆ. ಆ ಅಮ್ಮನ ತಾವ ಹೋಗಿ ನನ್ನ ಬುಟ್ಬುಡಿ ಅಂತ ಹೇಳ್ಬುಟ್ಟು ಬತ್ತೀನಿ."

"ಹುಚ್ಚಿಯ ಹಾಗೆ ಮಾತಾಡಬೇಡ, ಕೂತ್ಕೋ."

"ಇಲ್ಲ ಟೀಚರ್. ಅಪ್ಪ ಹೇಳಿದ್ದೇ ಸರಿ. ದ್ಯಾವ್ರಿಗೇ ಬ್ಯಾಡ ಅನ್ಸೈತೆ." ಎದ್ದೇಬಿಟ್ಟಳು. ಕಣ್ಣಲ್ಲಿ ನೀರಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವಳ ಮೈಯೊಳಗಿನ ದಾರ ಕಿತ್ತುಹೋದ ಹಾಗೆ ಕಂಡಿತು. ಹತ್ತು ಹೆಜ್ಜೆ ಹೋದರೆ ಕೋಚ್ ಕೂತಿದ್ದ ಜಗಲಿ. ಅವಳ ದಾವಣಿಯ ತುದಿ ಹಿಡಿದು ಎಳೆದೆ.

"ನಿನ್ನ ಕೈ ಚೆನ್ನಾಗಿದೆ ಕಣೆ. ನಮ್ಮ ರಿಂಗು ಸರಿಯಿಲ್ಲ. ಹತ್ತಡಿ ಇರಬೇಕಾದದ್ದು ಹತ್ತೂವರೆ ಇದೆ. ನೀನು ಮೂರು ವರ್ಷ ಅರ್ಧ ಅಡಿ ಎತ್ತರಕ್ಕೆ ಎಸೆದಿದ್ದೀಯ. ತಪ್ಪು ನನ್ನದು, ನಾನು ಅಳೀಲಿಲ್ಲ."

ಅವಳು ನನ್ನನ್ನೇ ನೋಡಿದಳು. "ಯಾವಾಗ ಗೊತ್ತಾಯ್ತು ಟೀಚರ್?"

"ಈಗ ತಾನೇ. ಆ ಕಾವಲುಗಾರ ಹೇಳಿದ."

ಇಷ್ಟು ಹೇಳಿದವಳಿಗೆ ನಿನ್ನೆಯೇ ಗೊತ್ತಿತ್ತು ಅನ್ನುವುದನ್ನೂ ಹೇಳಲು ಏನಾಗಿತ್ತು? ಗೊತ್ತಿಲ್ಲ. ಬಾಯಿಗೆ ಸುಳ್ಳು ಮೊದಲು ಬಂತು, ಅದನ್ನೇ ಆಡಿದೆ.

ಹುಡುಗಿ ಚೆಂಡು ಎತ್ತಿಕೊಂಡು ಖಾಲಿ ಅಂಗಳಕ್ಕೆ ಹೋಗಿ ಗೆರೆಯ ಮೇಲಿಂದ ಒಂದು ಎಸೆದಳು. ಠಣ್. ಈ ಸಲ ಕೈ ನೋಡಿಕೊಳ್ಳದೆ ರಿಂಗು ನೋಡಿದಳು. "ಆಚೆಗೆ ಹೋಯ್ತೈತೆ. ಆದ್ರೆ ನೆಟ್ಟಗೇ ಹೋಯ್ತೈತೆ" ಎಂದು ತನಗೆ ತಾನೇ ಹೇಳಿಕೊಂಡಳು. ಮೆಲ್ಲಗೆ ಎಸೆಯಲು ನೋಡಿದಳು, ಚೆಂಡು ಸೊಟ್ಟ ಹೋಯಿತು. ಮೂರು ವರ್ಷ ಪಳಗಿದ ತೋಳಿಗೆ ಒಂದು ಗಂಟೆಯಲ್ಲಿ ಬೇರೆ ಲೆಕ್ಕ ಕಲಿಸಲು ಆಗುತ್ತದೆಯೇ? ಆಮೇಲೆ ಗೆರೆಗೆ ಹೆಬ್ಬೆರಳು ತಾಗಿಸಿ, ಅಲ್ಲಿಂದ ಹಿಂದಕ್ಕೆ ಒಂದು ಪಾದ ಅಳೆದು, ಅಲ್ಲಿ ನಿಂತು, ಯಾವತ್ತಿನ ಹಾಗೆಯೇ ಪೂರ್ತಿ ಬಲಕ್ಕೆ ಎಸೆದಳು.

ಬಲೆ ಸರಕ್ಕೆಂದಿತು.

ಇನ್ನೊಂದು ಎಸೆದಳು. ಸರಕ್. ತಿರುಗಿ ನನ್ನ ಕಡೆ ನೋಡಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು. "ನನ್ ಕೈ ಸರಿಯಾಗೈತೆ ಟೀಚರ್!" ಅಯ್ಯೋ, ಆ ನಗು ನೋಡಿ ನನಗೆ ಖುಷಿಯಾಗಬೇಕಿತ್ತು. ಅವಳ ಮುಖ ನೋಡಲಾಗದೆ ಚಿತ್ರಾನ್ನದ ಡಬ್ಬಿ ಎತ್ತಿಡಲು ಬಗ್ಗಿದೆ.

"ಗೆರೆ ಬುಟ್ಟು ಹಿಂದೆ ನಿಂತ್ಕೊಂಡ್ರೆ ತಪ್ಪಾ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಎಸೆಯುವವರು ಗೆರೆಯ ಹಿಂದೆ, ಅರ್ಧ ಚಂದ್ರದ ಒಳಗೆ ಇರಬೇಕು, ಅಷ್ಟೇ. ಗೆರೆಗೆ ಅಂಟಿಕೊಂಡೇ ನಿಲ್ಲಬೇಕು ಎಂದು ಎಲ್ಲೂ ಬರೆದಿಲ್ಲ. ಆ ಪುಸ್ತಕದಲ್ಲಿ ನನಗೆ ಗೊತ್ತಿಲ್ಲದ ಒಂದು ಸಾಲೂ ಇರಲಿಲ್ಲ. ಗೊತ್ತಿಲ್ಲದೆ ಇದ್ದದ್ದು ಆಟ ಒಂದೇ.

ಊಟದ ಮೇಲೆ ಎರಡನೇ ಸುತ್ತು. ನಮ್ಮವಳು ಒಂದು ಪಾದ ಹಿಂದೆ ನಿಂತಳು. ಮೊದಲನೆಯದು ಒಳಗೆ. ಎರಡನೆಯದು, ಮೂರನೆಯದು ಒಳಗೆ. ಧರ್ಮಪುರಿ ಕಡೆಯ ಮಾಸ್ತರು ಕೈ ಎತ್ತಿ ತಮಿಳಿನಲ್ಲಿ ಜೋರಾಗಿ ಹೇಳಿದರು, ಹುಡುಗಿ ಗೆರೆಯ ಹತ್ತಿರವೇ ಇಲ್ಲ, ಇದು ಸರಿಯಲ್ಲ, ಎಲ್ಲರಿಗೂ ಒಂದೇ ಜಾಗ ಇರಬೇಕು. ಕೋಚ್ ಸೀಟಿ ಊದಿದರು.

"ಏಮ್ಮಾ ಪಿನ್ನಾಡಿ ನಿಕ್ಕಿರೆ?" ಏಕೆ ಹಿಂದೆ ನಿಂತಿದ್ದೀಯ ಎಂದು ಹುಡುಗಿಯನ್ನು ಕೇಳಿದರು. ಅವಳಿಗೆ ತಮಿಳು ಚೆನ್ನಾಗಿ ಬರುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ನನ್ನ ಕಡೆ ನೋಡಿದಳು. ಹೇಳಲೋ ಬೇಡವೋ ಎಂದು ನನ್ನನ್ನು ಕೇಳುವ ನೋಟ ಅದು. ನಾನು ಬೇಡ ಅಂದಿದ್ದರೆ ಸಾಯುವವರೆಗೂ ಹೇಳುತ್ತಿರಲಿಲ್ಲ. "ಇವಳಿಗೆ ತರಬೇತಿ ಕೊಟ್ಟವರು ಯಾರು?" ಕೋಚ್ ತಲೆ ಎತ್ತಿ ಸುತ್ತ ನೋಡಿದರು.

ಸೆರಗು ಬಿಗಿದುಕೊಂಡು ಮುಂದೆ ಹೋದೆ. ನಿಯಮದಲ್ಲಿ ಹೀಗಿದೆ, ಗೆರೆಯ ಹಿಂದೆ ಎಲ್ಲಿ ಬೇಕಾದರೂ ನಿಲ್ಲಬಹುದು ಅಂದೆ.

"ನಿಯಮ ನನಗೆ ಗೊತ್ತು. ಕಾರಣ ಕೇಳಿದೆ."

ಅಭ್ಯಾಸ ಮೇಡಂ ಎಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಹಾಗೆ ಹೇಳಿದ್ದರೆ ಏನಾಗುತ್ತಿತ್ತು? ಗೆರೆಯ ಮೇಲೆ ನಿಂತರೆ ಒಂದು, ಹಿಂದೆ ಸರಿದರೆ ಎಲ್ಲ, ಇದೆಂಥ ತಿಕ್ಕಲು ಕೈ ಎಂದು ಕೋಚ್ ಅವಳ ಹೆಸರಿನ ಮೇಲೆ ಗೀಟು ಹಾಕುತ್ತಿದ್ದರು. ಅವಳ ಕೈ ಸರಿಯಾಗಿದೆ ಎಂದು ತೋರಿಸಬೇಕಾದರೆ ಸರಿಯಿಲ್ಲದ್ದು ಯಾವುದು ಎಂದು ನಾನು ಹೇಳಲೇಬೇಕಿತ್ತು. ಹೇಳಿದೆ. ನನ್ನ ಹರಕುಮುರುಕು ತಮಿಳಿನಲ್ಲಿ, ಬಡಗಿಯ ಮೊಳ, ಆಯ, ಏಣಿ, ಸೀರೆ, ಎಲ್ಲವನ್ನೂ. ನನಗೆ ಈ ಆಟ ಬರುವುದಿಲ್ಲ, ಪುಸ್ತಕ ನೋಡಿ ಕಲಿಸಿದೆ ಎಂಬುದನ್ನೂ. ಸುತ್ತ ನಿಂತಿದ್ದ ಮಾಸ್ತರುಗಳಲ್ಲಿ ಒಬ್ಬರು ಮೊದಲು ಕಿಸಕ್ಕೆಂದರು, ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಧರ್ಮಪುರಿಯವರಂತೂ ತಮ್ಮ ಮೊಳಕೈ ಎತ್ತಿ ಗಾಳಿಯಲ್ಲಿ ಅಳೆದು ತೋರಿಸಿದರು.

ಕೋಚ್ ನಗಲಿಲ್ಲ. "ಹತ್ತೂವರೆಗೆ ಎಸೆದಾಗ ಹತ್ತಕ್ಕೆ ಎಷ್ಟು ಬೀಳ್ತಿತ್ತು?"

"ಏಳು, ಮೇಡಂ."

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ನೇತ್ತು ಸಾಯಂಗಾಲಂ" ಅಂದೆ. ನಿನ್ನೆ ಸಂಜೆ.

ಕೋಚ್ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಹುಡುಗಿಯ ಕಡೆ ತಿರುಗಿ, ಮುಂದುವರಿಸು ಎಂದು ಕೈ ಮಾಡಿದರು. ಉಳಿದದ್ದು ಏಳು. ನಾಲ್ಕನೆಯದು ತಪ್ಪಿತು. ಆಮೇಲಿನ ಆರೂ ಒಳಗೆ. ಕೊನೆಯ ಎರಡನ್ನು ಅವಳು ಎಷ್ಟು ಸಿಟ್ಟಿನಿಂದ ಎಸೆದಳೆಂದರೆ ಬಲೆ ಮೇಲಕ್ಕೆ ಹಾರಿ ಕಬ್ಬಿಣಕ್ಕೆ ಸುತ್ತಿಕೊಂಡಿತು. ಮಾಸ್ತರುಗಳು ನಕ್ಕದ್ದಕ್ಕೆ ಸಿಟ್ಟು ಬಂದಿರಬೇಕು ಅಂದುಕೊಂಡೆ. ಕೊನೆಗೆ ಹುಡುಗಿಯರನ್ನು ಎರಡು ತಂಡ ಮಾಡಿ ಆಡಿಸಿದ ಪಂದ್ಯದಲ್ಲೂ ಪ್ರತಿ ಎಸೆತಕ್ಕೆ ಮುಂಚೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾ, ಜಾಗ ಸಿಗದಾಗ ಪಕ್ಕದವಳಿಗೆ ಚೆಂಡು ಕೊಡುತ್ತಾ ಆಡಿದಳು. ನನ್ನ ಮುಖ ಒಂದು ಸಲವೂ ನೋಡಲಿಲ್ಲ.

ನಾಲ್ಕು ಗಂಟೆಗೆ ಕೋಚ್ ಅವಳ ಹೆಸರು ಓದಿದರು. ನನ್ನನ್ನು ಕರೆದು, "ಜೂನ್‌ನಲ್ಲಿ ಕಳಿಸಿ. ಹಾಸಿಗೆ, ತಟ್ಟೆ, ಲೋಟ ತರಲಿ. ಗೆರೆಯ ಮೇಲೆ ನಿಲ್ಲೋದನ್ನ ನಾನು ಕಲಿಸ್ತೀನಿ" ಎಂದರು. ಹೊರಟವರು ತಿರುಗಿ, "ಮತ್ತೆ ಆ ರಿಂಗು ಇಳಿಸಿ" ಅಂದರು. ಅಷ್ಟೇ. ಅವರ ಕಾಲಿಗೆ ಬೀಳಬೇಕು ಅನ್ನಿಸಿತು, ಧೈರ್ಯ ಬರಲಿಲ್ಲ.

ಹುಡುಗಿ ಆ ಕಾಲೇಜಿಗೆ ನಾಲ್ಕು ವರ್ಷ ಆಡಿದಳು. ಮೊದಲ ವರ್ಷ ಬೆಂಚಿನ ಮೇಲೆ ಕೂತದ್ದೇ ಹೆಚ್ಚಂತೆ. ಎರಡನೇ ವರ್ಷ ತಂಡಕ್ಕೆ ಬಂದಳು, ಕೊನೆಯ ವರ್ಷ ವಿಶ್ವವಿದ್ಯಾಲಯದ ತಂಡಕ್ಕೂ. ಅಲ್ಲಿನ ಊಟ, ಭಾಷೆ, ಹಾಸ್ಟೆಲಿನ ಹುಡುಗಿಯರ ಗೇಲಿ, ಮೊಣಕಾಲಿನ ನೋವು, ಅದೆಲ್ಲ ಅವಳ ಕಥೆ, ಅವಳೇ ಹೇಳಬೇಕು. ನಾನು ಊರಿಗೆ ಹೋದ ಮರುದಿನವೇ ಹೆಡ್‌ಮಾಸ್ತರಿಗೆ ಎಲ್ಲ ಮುಚ್ಚಿಡದೆ ಹೇಳಿದೆ. ಅವರು ಬೈದರು. ಖಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಅಷ್ಟಕ್ಕೇ ಅಷ್ಟು ಹೆದರಿದ್ದೆನಲ್ಲ ಎಂದು ಆಮೇಲೆ ಅನ್ನಿಸಿತು.

ಆದರೆ ಕೃಷ್ಣಗಿರಿಯ ಆ ದಿನ ನನಗೆ ನಾಲ್ಕು ಗಂಟೆಗೆ ಮುಗಿಯಲಿಲ್ಲ. ಸೂಳಗಿರಿಯಲ್ಲಿ ಬಸ್ಸು ಬದಲಿಸಲು ಇಳಿದು, ಬೆಂಚಿನ ಮೇಲೆ ಕೂತೆವು. ಇನ್ನೂ ಬಿಸಿಲಿತ್ತು. ನನಗೆ ಬದುಕಿಕೊಂಡಷ್ಟು ಹಗುರ. ಬೇಯಿಸಿದ ಕಡಲೆಕಾಯಿ ಕೊಂಡು ಅವಳ ಮುಂದೆ ಹಿಡಿದೆ. ಮದ್ರಾಸಿನಲ್ಲಿ ಸಮುದ್ರ ನೋಡಬಹುದು, ಕನ್ನಡ ಮಾತಾಡುವವರೂ ಇರುತ್ತಾರೆ, ನಿಮ್ಮಪ್ಪನಿಗೆ ನಾನೇ ಬಂದು ಹೇಳುತ್ತೇನೆ ಎಂದು ಒಂದೇ ಸಮನೆ ಮಾತಾಡಿದೆ. ಅವಳು ಕಡಲೆಕಾಯಿ ಮುಟ್ಟಲಿಲ್ಲ.

"ನಿನ್ನೆ ಸಂಜೆ ಅಂದ್ರಲ್ಲ ಟೀಚರ್, ಆ ಅಮ್ಮನ ತಾವ."

ನನ್ನ ಕೈ ಹಾಗೇ ನಿಂತಿತು. ಕೋಚ್ ಕೇಳಿದಾಗ ಅವಳು ಆರು ಹೆಜ್ಜೆ ದೂರದಲ್ಲಿ ಚೆಂಡು ಹಿಡಿದು ನಿಂತಿದ್ದಳು. ಅವಳಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತಿತ್ತು.

"ಹೂಂ."

"ನನ್ ತಾವ ಈಗ ತಾನೇ ಅಂದ್ರಿ."

ಅವಳು ತಲೆ ತಗ್ಗಿಸಿ ತನ್ನ ಬಲ ಅಂಗೈ ನೋಡುತ್ತಿದ್ದಳು. "ರಾತ್ರಿಯೆಲ್ಲ ಕೈ ಹಿಸುಕ್ಕೊಂಡು ಮಲ್ಗಿದ್ದೆ ಟೀಚರ್. ಕೈಗೆ ಲಕ್ವ ಗಿಕ್ವ ಹೊಡೀತೇನೋ, ಅಪ್ಪನ್ಗೆ ಏನಂತ ಹೇಳ್ಲಿ ಅಂತ. ಒಂದ್ ಗಳಿಗೆ ಕಣ್ ಮುಚ್ಲಿಲ್ಲ. ನೀವು ಪಕ್ಕದಾಗೇ ಮಲ್ಗಿದ್ರಿ."

ಹೌದು, ಪಕ್ಕದಲ್ಲೇ ಮಲಗಿದ್ದೆ. ನಾನೂ ನಿದ್ದೆ ಮಾಡಿರಲಿಲ್ಲ. ಅವಳು ಹೊರಳುವುದು ಕೇಳಿಸುತ್ತಿತ್ತು. ಕೈ ಚಾಚಿದ್ದರೆ ಅವಳ ತಲೆ ಸಿಗುತ್ತಿತ್ತು.

"ನನಗೆ ಭಯವಾಗಿತ್ತು ಕಣೆ" ಅಂದೆ.

ಬಸ್ಸು ಬಂತು. ಅವಳು ಎದ್ದು, ನನ್ನ ಚೀಲವನ್ನೂ ತಾನೇ ಎತ್ತಿಕೊಂಡಳು.

"ನಂಗೂ ಆಗಿತ್ತು ಟೀಚರ್" ಅಂದಳು.